ಭದ್ರಾವತಿ ಯಾವ ದಿಕ್ಕಿಗಿದೆ? ಇಟಾಲಿಯನ್‌ನಲ್ಲಿ ಹೇಳಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರೆಲ್ಲ ರಾಮುವನ್ನು ಬಲ್ಲರು. ಅವನು ಮನೆಯಿಂದ ಉತ್ತರಕ್ಕೆ 5 ಕಿ.ಮೀ. ನಡೆಯುತ್ತಾನೆ, ಬಲಕ್ಕೆ ತಿರುಗಿ 3 ಕಿ.ಮೀ. ನಡೆಯುತ್ತಾನೆ, ಮತ್ತೆ ಬಲಕ್ಕೆ ತಿರುಗುತ್ತಾನೆ. ಈಗ ಅವನ ಮುಖ ಯಾವ ದಿಕ್ಕಿಗೆ? ಅರ್ಧ ನಿಮಿಷದಲ್ಲಿ ‘ದಕ್ಷಿಣ’ ಎಂದು ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಅದೇ ನಮ್ಮನ್ನು ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ‘ಭದ್ರಾವತಿ ಇಲ್ಲಿಂದ ಯಾವ ದಿಕ್ಕಿಗಿದೆ?’ ಎಂದು ಕೇಳಿದರೆ ಬರುವ ಉತ್ತರ: ‘ಬೆಂಗಳೂರಿಗೆ ಹೋಗೋ ದಿಕ್ಕಿಗೆ.’ ಸಾಗರ? ‘ಜೋಗಕ್ಕೆ ಹೋಗೋ ದಿಕ್ಕಿಗೆ.’ ರಾಮುವಿನ ಊರಿನ ದಿಕ್ಕುಗಳು ನಮಗೆ ಗೊತ್ತು, ನಮ್ಮ ಊರಿನವು ಗೊತ್ತಿಲ್ಲ.

ಇದು ನನ್ನ ಗಮನಕ್ಕೆ ಬಂದದ್ದು ಇಟಾಲಿಯನ್ ಕಲಿಯಲು ಕೂತಾಗ. ‘ಶಿವಮೊಗ್ಗದಲ್ಲಿ ಕೂತು ಇಟಾಲಿಯನ್ನಾ?’ ಎಂದು ನಗಬೇಡಿ. ಇಟಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕವನ್ನು ಕುಟುಂಬದ ಆದಾಯ ನೋಡಿ ನಿಗದಿ ಮಾಡುತ್ತಾರೆ. ಅಲ್ಲಿ ಇಂಗ್ಲಿಷಿನಲ್ಲೇ ನಡೆಯುವ ಸ್ನಾತಕೋತ್ತರ ಕೋರ್ಸುಗಳೂ ಬೇಕಾದಷ್ಟಿವೆ. ಹಾಗಾಗಿ ಎಂ.ಎಸ್ಸಿ, ಎಂ.ಟೆಕ್ ಕನಸಿನ ಮಧ್ಯಮ ವರ್ಗದ ಮಕ್ಕಳು ಆ ಕಡೆ ನೋಡುತ್ತಿದ್ದಾರೆ. ಪಾಠ ಇಂಗ್ಲಿಷಿನಲ್ಲಿ ನಡೆದರೂ ರೂಮು ಹುಡುಕುವುದು, ಬಸ್ಸು ಹಿಡಿಯುವುದು, ಔಷಧಿ ಅಂಗಡಿಗೆ ದಾರಿ ಕೇಳುವುದು ಇಟಾಲಿಯನ್‌ನಲ್ಲೇ. ನರ್ಸ್ ಆಗಿ ಹೋಗುವವರಿಗಂತೂ ಭಾಷೆ ಬೇಕೇ ಬೇಕು. ನನ್ನ ಗೆಳತಿಯೊಬ್ಬಳು ನರ್ಸಿಂಗ್ ಮುಗಿಸಿ ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿ ಮಾಡುತ್ತ, ಹಗಲಿನಲ್ಲಿ ‘ಬಿ-1’ ಮಟ್ಟದ ಪರೀಕ್ಷೆಗೆ ಓದುತ್ತಿದ್ದಾಳೆ. ನಾವಿಬ್ಬರೂ ಭದ್ರಾವತಿಯವರು. ಎಂಪಿಎಂ ಕಾಗದ ಮಾಡುವುದನ್ನು ನಿಲ್ಲಿಸಿ ವರ್ಷಗಳಾದವು, ವಿಐಎಸ್‌ಎಲ್ ಏನಾಗುತ್ತದೋ ಎಂಬ ಮಾತು ಊರಿನಲ್ಲಿ ನಿಂತಿಲ್ಲ. ಅಪ್ಪಂದಿರ ಕಾಲದಲ್ಲಿ ಕೆಲಸ ಸೈಕಲ್ ದೂರದಲ್ಲಿತ್ತು. ನಮ್ಮ ಕಾಲದಲ್ಲಿ ಅದು ವಿಮಾನದ ದೂರಕ್ಕೆ ಹೋಗಿದೆ.

ಯಾವ ಇಟಾಲಿಯನ್ ಪುಸ್ತಕ ತೆರೆದರೂ, ಯಾವ ಮೌಖಿಕ ಪರೀಕ್ಷೆಗೆ ಕೂತರೂ ಆರಂಭದಲ್ಲೇ ಬರುವ ಪ್ರಶ್ನೆ ಒಂದಿದೆ: ‘ದೋವೆ ಸಿ ತ್ರೋವಾ ಲಾ ತೂವಾ ಚಿತ್ತಾ?’ ನಿನ್ನ ಊರು ಎಲ್ಲಿದೆ? ‘ಸಿ ತ್ರೋವಾ’ ಎಂದರೆ ‘ಸಿಗುತ್ತದೆ, ಇದೆ’. (ತೆಲುಗಿನಲ್ಲಿ ‘ತ್ರೋವ’ ಎಂದರೆ ದಾರಿ. ಎರಡಕ್ಕೂ ಸಂಬಂಧವಿಲ್ಲ, ಆದರೆ ಮನೆಯಲ್ಲಿ ತೆಲುಗು ಆಡುವ ಭದ್ರಾವತಿಯವರಿಗೆ ನೆನಪಿಟ್ಟುಕೊಳ್ಳಲು ಸುಲಭ.) ಗೆಳತಿ ಈ ಪ್ರಶ್ನೆಗೆ ಉತ್ತರ ಬರೆಯಲು ಕೂತು ಪೆನ್ನು ಕಚ್ಚುತ್ತಿದ್ದಳು.

‘ಶಿವಮೊಗ್ಗದಿಂದ ಇಪ್ಪತ್ತು ಕಿಲೋಮೀಟರ್ ಕಣೇ, ಅಷ್ಟು ಹೇಳಿದ್ರೆ ಸಾಲ್ದಾ?’

‘ಯಾವ ಕಡೆಗೆ ಇಪ್ಪತ್ತು?’

ನಮ್ಮ ಮಾತು ಕೇಳುತ್ತ ಅಡಿಕೆ ಕತ್ತರಿಸುತ್ತಿದ್ದ ಅವಳ ಅಜ್ಜಿ ತಲೆ ಎತ್ತದೆ ಹೇಳಿದರು: ‘ಶಿವಮೊಗ್ಗ ನಮಗೆ ಪಡುವಲಿಗೆ, ಒಂಚೂರು ಬಡಗಲಿಗೆ ವಾಲ್ಕೊಂಡು. ಅಂದ್ಮೇಲೆ ಅವರಿಗೆ ನಾವು ಮೂಡಲಿಗೆ, ತೆಂಕಲಿಗೆ ವಾಲ್ಕೊಂಡು.’ ನಕ್ಷೆ ತೆರೆದು ನೋಡಿದೆವು. ಅಜ್ಜಿ ಹೇಳಿದ್ದು ಸರಿ. ಭದ್ರಾವತಿ ಶಿವಮೊಗ್ಗದ ಆಗ್ನೇಯಕ್ಕಿದೆ. ಇಟಾಲಿಯನ್‌ನಲ್ಲಿ: ‘ಭದ್ರಾವತಿ ಸಿ ತ್ರೋವಾ ಆ ಸುದ್-ಎಸ್ತ್ ದಿ ಶಿವಮೊಗ್ಗ.’

ಇಟಾಲಿಯನ್ ದಿಕ್ಕುಗಳನ್ನು ಇಂಗ್ಲಿಷ್ ಮೂಲಕ ಕಲಿತರೆ ನಾಲ್ಕು ಹೊಸ ಪದ ಉರು ಹೊಡೆದಂತಾಗುತ್ತದೆ. ಅಜ್ಜಿಯ ಕನ್ನಡದ ಮೂಲಕ ಕಲಿತರೆ ಅರ್ಧ ಪಾಠ ಮೊದಲೇ ಬಂದಿರುತ್ತದೆ. ಅದು ಹೇಗೆ ಎಂದು ಹೇಳಲೆಂದೇ ಈ ಬರಹ.

ಮೊದಲು ನಾಲ್ಕು ಪದಗಳು. ಉತ್ತರ ‘ನೋರ್ದ್’, ದಕ್ಷಿಣ ‘ಸುದ್’, ಪೂರ್ವ ‘ಎಸ್ತ್’, ಪಶ್ಚಿಮ ‘ಓವೆಸ್ತ್’. ಕನ್ನಡ ಲಿಪಿಯಲ್ಲಿ ಇವನ್ನು ಇಷ್ಟು ಸರಿಯಾಗಿ ಬರೆಯಲು ಆಗುತ್ತದೆ ಎನ್ನುವುದೇ ನಮ್ಮ ಮೊದಲ ಲಾಭ. ಇಂಗ್ಲಿಷಿನವರ ‘ಟ’, ‘ಡ’ ಇಟಾಲಿಯನ್‌ನಲ್ಲಿಲ್ಲ. ಅಲ್ಲಿರುವುದು ನಾಲಿಗೆ ಹಲ್ಲಿಗೆ ತಾಗುವ ‘ತ’, ‘ದ’. ಒತ್ತಕ್ಷರವೂ ನಮ್ಮಂತೆಯೇ. ‘ನೋನೊ’ ಎಂದರೆ ಒಂಬತ್ತನೆಯ, ‘ನೊನ್ನೊ’ ಎಂದರೆ ಅಜ್ಜ. ಬಳಿ ಮತ್ತು ಬಳ್ಳಿ ಬೇರೆ ಎಂದು ತಿಳಿದ ನಾಲಿಗೆಗೆ ಇದನ್ನು ಹೇಳಿಕೊಡಬೇಕಿಲ್ಲ. ಒಂಬತ್ತನೇ ಮಹಡಿ ಕೇಳಲು ಹೋಗಿ ಅಜ್ಜನನ್ನು ಕೇಳುವ ಅಪಾಯ ಇಂಗ್ಲಿಷರಿಗೆ ಹೆಚ್ಚು, ನಮಗೆ ಕಡಿಮೆ.

ಒಂದು ಎಚ್ಚರಿಕೆ ಮಾತ್ರ ಬೇಕು. ‘ಎಸ್ತ್’ ಮತ್ತು ‘ಓವೆಸ್ತ್’ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ, ಮೊದಲಿನ ‘ಓವ್’ ಜಾರಿಹೋದರೆ ದಿಕ್ಕೇ ಉಲ್ಟಾ. ಇಟಲಿಯ ನಕ್ಷೆಯಲ್ಲಿ ಪಶ್ಚಿಮಕ್ಕೆ ಡಬ್ಲ್ಯು ಇರುವುದಿಲ್ಲ, ‘ಓ’ ಇರುತ್ತದೆ. ಜರ್ಮನ್ ಕಲಿತವರಿಗೆ ಇದು ಇನ್ನೂ ಕಷ್ಟ, ಏಕೆಂದರೆ ಜರ್ಮನ್‌ನಲ್ಲಿ ‘ಓ’ ಎಂದರೆ ಪೂರ್ವ.

ಇನ್ನು ಎಲ್ಲ ಪುಸ್ತಕಗಳಲ್ಲೂ ದಪ್ಪಕ್ಷರದಲ್ಲಿ ಕೊಟ್ಟು, ಆದರೂ ಅರ್ಥವಾಗದೆ ಉಳಿಯುವ ಒಂದು ವ್ಯತ್ಯಾಸ: ‘ಆ ನೋರ್ದ್’ ಮತ್ತು ‘ನೆಲ್ ನೋರ್ದ್’. ಇಂಗ್ಲಿಷ್ ವಿವರಣೆ ಓದಿ ತಲೆ ಕೆಟ್ಟರೆ ಮನೆಯ ಟ್ರಂಕಿನಲ್ಲಿರುವ ಜಮೀನಿನ ಕ್ರಯಪತ್ರ ತೆಗೆಯಿರಿ. ಅದರಲ್ಲಿ ಚಕ್ಕುಬಂದಿ ಎಂಬ ಭಾಗ ಇರುತ್ತದೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಗದ್ದೆ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಸರ್ಕಾರಿ ಜಾಗ. ಈ ‘-ಕ್ಕೆ’ ಇದೆಯಲ್ಲ, ಅದು ಹೇಳುವುದು ನಮ್ಮ ಜಮೀನಿನ ಹೊರಗೆ, ಆ ದಿಕ್ಕಿಗೆ ಏನಿದೆ ಎಂದು. ಅದೇ ‘ಜಮೀನಿನ ಉತ್ತರದಲ್ಲಿ ಬಾವಿ ಇದೆ’ ಎಂದರೆ ಬಾವಿ ನಮ್ಮದು, ಒಳಗಿದೆ. ‘-ಕ್ಕೆ’ ಮತ್ತು ‘-ದಲ್ಲಿ’ ನಡುವಿನ ಈ ವ್ಯತ್ಯಾಸಕ್ಕೆ ಕೋರ್ಟಿನಲ್ಲಿ ಜಗಳವಾದೀತು. ಇಟಾಲಿಯನ್‌ನ ‘ಆ’ ನಮ್ಮ ‘-ಕ್ಕೆ’, ‘ನೆಲ್’ ನಮ್ಮ ‘-ದಲ್ಲಿ’. ಹಾವೇರಿ ಜಿಲ್ಲೆ ನಮ್ಮ ಜಿಲ್ಲೆಯ ಉತ್ತರಕ್ಕೆ, ಅಂದರೆ ‘ಆ ನೋರ್ದ್’. ಸೊರಬ ನಮ್ಮ ಜಿಲ್ಲೆಯ ಉತ್ತರದಲ್ಲಿ, ಅಂದರೆ ‘ನೆಲ್ ನೋರ್ದ್’. ಮಿಲಾನ್ ಇರುವುದು ‘ನೆಲ್ ನೋರ್ದ್’, ಇಟಲಿಯ ಒಳಗೆ ಉತ್ತರದಲ್ಲಿ. ಸ್ವಿಟ್ಜರ್ಲೆಂಡ್ ಇರುವುದು ‘ಆ ನೋರ್ದ್’, ಗಡಿಯಾಚೆ. ಚಕ್ಕುಬಂದಿ ಓದಲು ಬರುವವರಿಗೆ ಈ ಪಾಠ ಐದು ನಿಮಿಷದ್ದು.

‘ಉತ್ತರ ಕನ್ನಡ’ ಜಿಲ್ಲೆಯನ್ನು ಮಾತ್ರ ಪರೀಕ್ಷಕರ ಮುಂದೆ ಹೆಸರು ನೋಡಿ ಅನುವಾದ ಮಾಡಲು ಹೋಗಬೇಡಿ. ಬ್ರಿಟಿಷರ ಕಾಲದ ಕೆನರಾ ಜಿಲ್ಲೆ ಎರಡಾದಾಗ ಉತ್ತರದ ಭಾಗಕ್ಕೆ ಬಂದ ಹೆಸರದು. ಕರಾವಳಿಯ ಲೆಕ್ಕದಲ್ಲಿ ಉತ್ತರ, ಶಿವಮೊಗ್ಗದ ಲೆಕ್ಕದಲ್ಲಿ ವಾಯವ್ಯ.

ಈಗ ಅಜ್ಜಿಯ ಪದಗಳಿಗೆ ಬರೋಣ. ಮೂಡಲು, ಪಡುವಲು. ಸೂರ್ಯ ಮೂಡುವ ಕಡೆ ಮೂಡಲು, ಸೂರ್ಯ ಬೀಳುವ ಕಡೆ ಪಡುವಲು. ಇವೆರಡೂ ನಮ್ಮ ಊರುಗಳ ಹೆಸರಿನಲ್ಲೇ ಕೂತಿವೆ. ಮೂಡುಬಿದಿರೆ ಒಳನಾಡಿನಲ್ಲಿ ಪೂರ್ವಕ್ಕಿದೆ, ಪಡುಬಿದ್ರಿ ಕಡಲ ದಡದಲ್ಲಿ ಪಶ್ಚಿಮಕ್ಕಿದೆ. ಯಕ್ಷಗಾನ ನೋಡುವವರು ತೆಂಕುತಿಟ್ಟು, ಬಡಗುತಿಟ್ಟು ಎನ್ನುವಾಗ ಉಳಿದೆರಡು ದಿಕ್ಕುಗಳನ್ನು ಹೇಳುತ್ತಿರುತ್ತಾರೆ. ಇಟಾಲಿಯನ್‌ನಲ್ಲೂ ‘ಎಸ್ತ್’, ‘ಓವೆಸ್ತ್’ ಜೊತೆಗೆ ಇನ್ನೊಂದು ಹಳೆಯ ಜೋಡಿ ಇದೆ: ‘ಲೆವಾಂತೆ’ ಮತ್ತು ‘ಪೊನೆಂತೆ’. ಲೆವಾಂತೆ ಎಂದರೆ ಏಳುವುದು, ಮೂಡುವುದು. ಪೊನೆಂತೆ ಎಂದರೆ ಇಳಿಯುವುದು, ಮುಳುಗುವುದು. ಮೂಡಲಿಗೆ ಲೆವಾಂತೆ, ಪಡುವಲಿಗೆ ಪೊನೆಂತೆ. ಪದ ಪದಕ್ಕೂ ಹೀಗೆ ಹೊಂದುವ ಜೋಡಿ ಇಂಗ್ಲಿಷಿನ ನಿತ್ಯದ ಮಾತಿನಲ್ಲಿ ಸಿಗುವುದಿಲ್ಲ.

ಉತ್ತರಕ್ಕೂ ಒಂದು ಹಳೆಯ ಹೆಸರಿದೆ, ‘ಸೆತ್ತೆಂತ್ರಿಯೋನೆ’. ನೋಡಿದರೆ ನಾಲಿಗೆ ಹೊರಳದು ಅನಿಸುತ್ತದೆ. ಅದರೊಳಗೆ ‘ಸೆತ್ತೆ’ ಇದೆ, ಏಳು. ಲ್ಯಾಟಿನ್ ಮೂಲದಲ್ಲಿ ಇದು ಉತ್ತರ ಆಕಾಶದ ಏಳು ನಕ್ಷತ್ರಗಳ ಹೆಸರು. ರೋಮನ್ನರಿಗೆ ಅವು ಉಳುವ ಏಳು ಎತ್ತುಗಳಂತೆ ಕಂಡವು. ನಮಗೆ ಅವೇ ಸಪ್ತರ್ಷಿಗಳು. ಮಳೆಗಾಲ ಬಿಟ್ಟು ಮೋಡ ಇಲ್ಲದ ರಾತ್ರಿ ಕೆರೆ ಏರಿಯ ಮೇಲೆ ನಿಂತು ಉತ್ತರಕ್ಕೆ ನೋಡಿದರೆ ಸೆತ್ತೆಂತ್ರಿಯೋನೆ ಕಾಣುತ್ತದೆ, ಬಾಯಿಪಾಠ ಬೇಕಿಲ್ಲ. ಇದರ ವಿಶೇಷಣ ‘ಸೆತ್ತೆಂತ್ರಿಯೊನಾಲೆ’ ಪತ್ರಿಕೆಗಳಲ್ಲಿ, ಹವಾಮಾನ ವರದಿಯಲ್ಲಿ ದಿನವೂ ಬರುತ್ತದೆ. ‘ಇಟಾಲಿಯಾ ಸೆತ್ತೆಂತ್ರಿಯೊನಾಲೆ’ ಎಂದರೆ ಉತ್ತರ ಇಟಲಿ.

ದಕ್ಷಿಣಕ್ಕೆ ಅವರು ಹೇಳುವ ಇನ್ನೊಂದು ಪದ ‘ಮೆದ್ಝೊಜೋರ್ನೊ’. ಅಕ್ಷರಶಃ ಅರ್ಥ ಮಧ್ಯಾಹ್ನ. ನೇಪಲ್ಸ್‌ನಿಂದ ಸಿಸಿಲಿವರೆಗಿನ ದಕ್ಷಿಣ ಇಟಲಿಗೆ ಇದೇ ಹೆಸರು. ಮಧ್ಯಾಹ್ನಕ್ಕೂ ದಕ್ಷಿಣಕ್ಕೂ ಏನು ನಂಟು? ಇಟಲಿ ಪೂರ್ತಿ ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿದೆ. ಅಲ್ಲಿ ವರ್ಷದ 365 ದಿನವೂ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲೇ ಇರುತ್ತಾನೆ, ನೆತ್ತಿಗೆ ಬರುವುದೇ ಇಲ್ಲ. ಹಾಗಾಗಿ ಮಧ್ಯಾಹ್ನ ಎಂದರೆ ದಕ್ಷಿಣ.

ಶಿವಮೊಗ್ಗದಲ್ಲಿ ಈ ಲೆಕ್ಕ ನಡೆಯುವುದಿಲ್ಲ! ನಮ್ಮ ಊರು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಸೂರ್ಯ ನೇರ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ದಿನ ಮಧ್ಯಾಹ್ನ ನೆರಳೇ ಇರುವುದಿಲ್ಲ. ಆ ಎರಡು ದಿನಗಳ ನಡುವಿನ ಮೂರೂವರೆ ತಿಂಗಳು ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಹೆಚ್ಚಿನವರು ಇದನ್ನು ಗಮನಿಸಿಯೇ ಇರುವುದಿಲ್ಲ, ಅರ್ಧ ತಪ್ಪು ಮುಂಗಾರಿನ ಮೋಡಗಳದ್ದು. ಮೇ ತಿಂಗಳಲ್ಲಿ ಮಧ್ಯಾಹ್ನ ಬಿ.ಎಚ್. ರಸ್ತೆಯಲ್ಲಿ ನಿಂತು ‘ಸೂರ್ಯ ಇರುವ ಕಡೆ ದಕ್ಷಿಣ’ ಎಂದು ನಂಬಿ ಹೊರಟವರು ಉತ್ತರಕ್ಕೆ ಹೋಗುತ್ತಾರೆ. ಒಂದು ಪದ ಯಾವ ಆಕಾಶದ ಕೆಳಗೆ ಹುಟ್ಟಿತು ಎನ್ನುವುದು ಅದರೊಳಗೇ ಇರುತ್ತದೆ ಎಂದು ನನಗೆ ಮನದಟ್ಟಾದದ್ದು ಈ ಪದದಿಂದ.

ದಿಕ್ಕಿನಿಂದ ಬೀದಿಗೆ ಬರಲು ಒಂದು ಸೇತುವೆ ಇದೆ, ಅದು ‘ದೆಸ್ತ್ರಾ’. ಇಟಾಲಿಯನ್‌ನಲ್ಲಿ ಬಲಗಡೆ. ಎಡಗಡೆ ‘ಸಿನಿಸ್ತ್ರಾ’. ಕಲಿಯುವವರಿಗೆ ‘ದೆಸ್ತ್ರಾ’ ಮತ್ತು ‘ದ್ರಿತ್ತೊ’ (ನೇರ) ಕಲಸಿಹೋಗುತ್ತವೆ. ಇದಕ್ಕೆ ಔಷಧ ಸಂಸ್ಕೃತದಲ್ಲಿದೆ. ದೆಸ್ತ್ರಾ ಬಂದದ್ದು ಲ್ಯಾಟಿನ್‌ನ ‘ದೆಕ್ಸ್ತರ್’ನಿಂದ. ಅದಕ್ಕೂ ಸಂಸ್ಕೃತದ ‘ದಕ್ಷಿಣ’ಕ್ಕೂ ಬೇರು ಒಂದೇ. ದಕ್ಷಿಣ ಎಂದರೆ ತೆಂಕು ಮಾತ್ರವಲ್ಲ, ಬಲಗಡೆ ಕೂಡ. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದಕ್ಕೆ ಪ್ರದಕ್ಷಿಣೆ ಎನ್ನುವುದು ಅದಕ್ಕೇ. ಪೂರ್ವ ಎಂದರೆ ಮುಂದಿನದು, ಪಶ್ಚಿಮ ಎಂದರೆ ಹಿಂದಿನದು. ಹುಟ್ಟುವ ಸೂರ್ಯನಿಗೆ ಮುಖ ಮಾಡಿ ನಿಂತವನ ದೇಹವೇ ನಕ್ಷೆ. ಬೆಳಿಗ್ಗೆ ತುಂಗಾ ಸೇತುವೆಯ ಮೇಲೆ ಸೂರ್ಯನ ಕಡೆ ತಿರುಗಿ ನಿಲ್ಲಿ. ಎದುರಿಗೆ ಲೆವಾಂತೆ, ಬೆನ್ನಿಗೆ ಪೊನೆಂತೆ, ಬಲಗೈಗೆ ದಕ್ಷಿಣ, ಅದೇ ದೆಸ್ತ್ರಾ. ಎದುರಿಗೂ ಬಲಗೈಗೂ ನಡುವೆ, ಓರೆಯಾಗಿ, ಭದ್ರಾವತಿ. ಆ ಮೂಲೆಯ ಹೆಸರು ಆಗ್ನೇಯ, ಅಗ್ನಿಯ ದಿಕ್ಕು. ಭದ್ರಾವತಿಯನ್ನು ಹಿಂದೆ ಬೆಂಕಿಪುರ ಎಂದು ಕರೆಯುತ್ತಿದ್ದರು, ಆಮೇಲೆ ಅಲ್ಲಿ ಕಬ್ಬಿಣ ಕರಗಿಸುವ ಕುಲುಮೆಯೂ ಬಂತು. ಕಾಕತಾಳೀಯ ಇರಬಹುದು, ಆದರೆ ಶಿವಮೊಗ್ಗದ ಆಗ್ನೇಯಕ್ಕೆ ಏನಿದೆ ಎಂದು ನಾನಿನ್ನು ಮರೆಯುವುದಿಲ್ಲ.

ಮೂಲೆ ದಿಕ್ಕುಗಳ ವಿಚಾರದಲ್ಲಿ ನಾವು ಶ್ರೀಮಂತರು. ಈಶಾನ್ಯ, ಆಗ್ನೇಯ, ನೈಋತ್ಯ, ವಾಯವ್ಯ ಎಂದು ಒಂದೊಂದಕ್ಕೂ ಬಿಡಿ ಪದ ಇದೆ. ಇಟಲಿಯಲ್ಲಿ ಸಾಮಾನ್ಯವಾಗಿ ಎರಡು ಪದ ಜೋಡಿಸುತ್ತಾರೆ, ನೋರ್ದ್-ಎಸ್ತ್, ಸುದ್-ಓವೆಸ್ತ್ ಹೀಗೆ. ಆದರೆ ನಾವಿಕರು ಗಾಳಿಯ ಹೆಸರಿನಿಂದ ದಿಕ್ಕು ಹೇಳುತ್ತಿದ್ದರು. ಈಶಾನ್ಯದ ಗಾಳಿ ‘ಗ್ರೆಕಾಲೆ’, ಆಗ್ನೇಯದ್ದು ‘ಶಿರೋಕ್ಕೊ’, ನೈಋತ್ಯದ್ದು ‘ಲಿಬೆಚ್ಚೊ’, ವಾಯವ್ಯದ್ದು ‘ಮಾಯೆಸ್ತ್ರಾಲೆ’. ಉತ್ತರದ ಗಾಳಿ ‘ತ್ರಾಮೊಂತಾನಾ’, ಬೆಟ್ಟದಾಚೆಯಿಂದ ಬರುವುದು. ದಿಕ್ಕು ತೋಚದವನಿಗೆ ಅವರು ‘ತ್ರಾಮೊಂತಾನಾ ಕಳೆದುಕೊಂಡ’ ಎನ್ನುತ್ತಾರೆ, ನಾವು ದಿಕ್ಕೆಟ್ಟ ಎನ್ನುತ್ತೇವೆ.

ಬೀದಿಯ ಇಟಾಲಿಯನ್‌ಗೆ ಶಿವಮೊಗ್ಗವೇ ಸಾಕು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಸಹ್ಯಾದ್ರಿ ಕಾಲೇಜಿಗೆ ದಾರಿ ಹೇಳಿ ನೋಡಿ. ಕನ್ನಡದಲ್ಲಿ ‘ಸೀದಾ ಹೋಗಿ, ಸೇತುವೆ ದಾಟಿ’ ಎನ್ನುತ್ತೇವೆ. ಇಟಾಲಿಯನ್‌ನಲ್ಲಿ ‘ವಾದಾ ಸೆಂಪ್ರೆ ದ್ರಿತ್ತೊ’. ಸೆಂಪ್ರೆ ಎಂದರೆ ಯಾವಾಗಲೂ. ಯಾವಾಗಲೂ ನೇರ, ಅದೇ ನಮ್ಮ ಸೀದಾ. ಕಾಲೇಜು ಇರುವುದು ‘ಅಲ್ ದಿ ಲಾ ದೆಲ್ ಪೋಂತೆ’, ಸೇತುವೆಯಾಚೆ. ಎದುರಿಗೆ ಎನ್ನಲು ‘ದಿ ಫ್ರೋಂತೆ ಆ’, ಪಕ್ಕದಲ್ಲಿ ‘ಅಕ್ಕಾಂತೊ ಆ’, ಹಿಂದೆ ‘ದಿಯೇತ್ರೊ’, ಕೊನೆಯಲ್ಲಿ ‘ಇನ್ ಫೋಂದೊ ಆ’. ಗಮನಿಸಬೇಕಾದದ್ದು ಜಾಗ. ನಾವು ‘ಸ್ಟೇಷನ್ ಎದುರು’ ಎನ್ನುತ್ತೇವೆ, ಅವರು ‘ಎದುರು ಸ್ಟೇಷನ್‌ಗೆ’ ಎನ್ನುತ್ತಾರೆ, ‘ದಿ ಫ್ರೋಂತೆ ಅಲ್ಲಾ ಸ್ತಾತ್ಸಿಯೋನೆ’. ಕನ್ನಡ ವಾಕ್ಯವನ್ನು ಬಾಲದಿಂದ ಹಿಡಿದು ಎಳೆದರೆ ಇಟಾಲಿಯನ್ ಬರುತ್ತದೆ. ‘ಆ’ ಮತ್ತು ‘ಲಾ’ ಸೇರಿ ‘ಅಲ್ಲಾ’ ಆಗುವುದು, ‘ಆ’ ಮತ್ತು ‘ಇಲ್’ ಸೇರಿ ‘ಅಲ್’ ಆಗುವುದು ಸಂಧಿ ಕಲಿತವರಿಗೆ ಹೊಸದೇನಲ್ಲ.

ಕನ್ನಡ ಕೈಕೊಡುವ ಜಾಗವೂ ಒಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ‘ಇಲ್ಲಿ ಹತ್ತಿರದಲ್ಲಿ ಮೆಡಿಕಲ್ ಇದೆಯಾ?’, ‘ಆ ಮೆಡಿಕಲ್ ಎಲ್ಲಿದೆ?’ ಎರಡಕ್ಕೂ ನಮಗೆ ‘ಇದೆ’ ಒಂದೇ. ಅವರಿಗೆ ಎರಡು. ಇದೆಯೋ ಇಲ್ಲವೋ ಎಂದೇ ಗೊತ್ತಿಲ್ಲದಿದ್ದರೆ ‘ಚೆ’: ‘ಚೆ ಊನಾ ಫಾರ್ಮಾಚೀಯಾ ಕ್ವೀ ವಿಚೀನೊ?’ ಇರುವುದು ಗೊತ್ತು, ಜಾಗ ಗೊತ್ತಿಲ್ಲ ಎಂದಾದರೆ ‘ದೊವೆ’: ‘ದೊವೆ ಲಾ ಫಾರ್ಮಾಚೀಯಾ?’ ಇಲ್ಲಿ ಅಭ್ಯಾಸವೇ ಗತಿ.

ಮರ್ಯಾದೆಯ ವಿಷಯದಲ್ಲಿ ಮತ್ತೆ ನಮ್ಮದೇ ದಾರಿ. ಗೆಳೆಯನಿಗೆ ‘ವಾಯ್’ (ಹೋಗು), ಅಪರಿಚಿತರಿಗೆ ‘ವಾದಾ’ (ಹೋಗಿ). ಗೆಳೆಯನಿಗೆ ‘ಸ್ಕೂಜಾ’, ಹಿರಿಯರಿಗೆ ‘ಸ್ಕೂಜಿ’. ಇಂಗ್ಲಿಷ್ ಮೂಲಕ ಕಲಿಯುವವರಿಗೆ ಇಷ್ಟೆಲ್ಲ ಏಕೆ ಎಂದು ಗೊಂದಲ. ಅಜ್ಜಿಗೆ ‘ನೀವು’, ತಂಗಿಗೆ ‘ನೀನು’ ಎನ್ನುತ್ತ ಬೆಳೆದವರಿಗೆ ಎಲ್ಲಿ ಯಾವುದು ಎಂದು ಯಾರೂ ಹೇಳಬೇಕಿಲ್ಲ. ರೂಪಗಳನ್ನಷ್ಟೇ ಕಲಿಯಬೇಕು.

ನಾವು ಇಟಾಲಿಯನ್‌ನಲ್ಲಿ ನಮ್ಮ ಊರು ಎಲ್ಲಿದೆ ಎಂದು ಹೇಳಲು ತಡವರಿಸುತ್ತಿದ್ದೇವೆ. ಆದರೆ ನಮ್ಮ ಜಿಲ್ಲೆಯ ಜಾಗಗಳನ್ನು ಇಟಾಲಿಯನ್‌ನಲ್ಲಿ ವಿವರಿಸುವ ಕೆಲಸ 400 ವರ್ಷಗಳ ಹಿಂದೆಯೇ ನಡೆದಿದೆ. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮ್ ನಗರದ ಪ್ರವಾಸಿ 1623ರಲ್ಲಿ ಗೋವಾದಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊರಟು ಇಕ್ಕೇರಿಗೆ ಬಂದ. ಆಗ ಅಲ್ಲಿ ಆಳುತ್ತಿದ್ದವನು ವೆಂಕಟಪ್ಪ ನಾಯಕ. ಆ ದಾರಿ ಹೊನ್ನಾವರದಲ್ಲಿ ಇಳಿದು, ಹೊಳೆಯಲ್ಲಿ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಇಕ್ಕೇರಿ ಮುಟ್ಟುವ ದಾರಿ. ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ದಿನಾ ಓಡಾಡುವ ನಮಗೆ ‘ಬಿ’ ಎಂದರೆ ಬೆಂಗಳೂರು ಎಂದು ಗೊತ್ತು. ‘ಎಚ್’ ಎಂದರೆ ಹೊನ್ನಾವರ. ಇದೇ ರಸ್ತೆಯ ಆ ತುದಿಯಿಂದ ಆ ಇಟಾಲಿಯನ್ ನಮ್ಮ ಜಿಲ್ಲೆಗೆ ಬಂದದ್ದು. ಕಂಡದ್ದನ್ನೆಲ್ಲ ನೇಪಲ್ಸ್‌ನಲ್ಲಿದ್ದ ಗೆಳೆಯ ಮಾರಿಯೊ ಸ್ಕಿಪಾನೊಗೆ ಪತ್ರಗಳಲ್ಲಿ ಬರೆದ. ಭಾರತವನ್ನೇ ನೋಡದ ಒಬ್ಬನಿಗೆ ಘಟ್ಟ ಎಲ್ಲಿ, ಹೊಳೆ ಎಲ್ಲಿ, ಅರಮನೆ ಎಲ್ಲಿ ಎಂದು ಕಣ್ಣಿಗೆ ಕಟ್ಟುವಂತೆ ಹೇಳಬೇಕಿತ್ತು. ಮೌಖಿಕ ಪರೀಕ್ಷೆಯಲ್ಲಿ ನಮ್ಮ ಮುಂದಿರುವ ಕೆಲಸವೂ ಅಷ್ಟೇ. ಆ ಪತ್ರಗಳು 1664ರಲ್ಲೇ ಇಂಗ್ಲಿಷಿಗೂ ಬಂದವು.

ಈಗ ಇಕ್ಕೇರಿ ಎಲ್ಲಿದೆ ಎಂದು ಇಟಾಲಿಯನ್‌ನಲ್ಲಿ ಹೇಳಿ. ಸಾಗರದ ದಕ್ಷಿಣಕ್ಕೆ, ‘ಆ ಸುದ್ ದಿ ಸಾಗರ’. ಶಿವಮೊಗ್ಗದಿಂದ ನೋಡಿದರೆ ಪಶ್ಚಿಮಕ್ಕೆ, ಅಜ್ಜಿಯ ಮಾತಿನಲ್ಲಿ ಒಂಚೂರು ಬಡಗಲಿಗೆ ವಾಲಿಕೊಂಡು. ಅಲ್ಲಿನ ಅಘೋರೇಶ್ವರ ದೇವಸ್ಥಾನ ಪೂರ್ವಕ್ಕಲ್ಲ, ಉತ್ತರಕ್ಕೆ ಮುಖ ಮಾಡಿದೆ. ‘ವೆರ್ಸೊ ನೋರ್ದ್’. ವೆರ್ಸೊ ಎಂದರೆ ಕಡೆಗೆ.

ದೆಲ್ಲಾ ವಾಲ್ಲೆ ಇಕ್ಕೇರಿಗೆ ಬರುವ ದಾರಿಯಲ್ಲಿ ಘಟ್ಟದ ಮೇಲಿನ ಒಂದು ದೇವಸ್ಥಾನದ ಜಗಲಿಯಲ್ಲಿ ಕಂಡ ದೃಶ್ಯ ಭಾಷೆ ಕಲಿಯುವವರಿಗೆ ಉಪಯೋಗದ್ದು. ನಾಲ್ವರು ಹುಡುಗರು ನೆಲದ ಮೇಲೆ ನುಣ್ಣನೆ ಮರಳು ಹರಡಿಕೊಂಡು ಕೂತಿದ್ದರು. ಒಬ್ಬ ರಾಗವಾಗಿ ಲೆಕ್ಕದ ಪಾಠ ಹೇಳುತ್ತ ಬೆರಳಿನಿಂದ ಮರಳಿನಲ್ಲಿ ಬರೆಯುತ್ತಿದ್ದ, ಉಳಿದವರು ಅದನ್ನೇ ಹಾಡಿ ಬರೆಯುತ್ತಿದ್ದರು. ಮರಳು ತುಂಬಿದ ಮೇಲೆ ಅಳಿಸಿ ಮತ್ತೆ ಶುರು. ರಾಗವಾಗಿ ಹೇಳಿದ್ದು ಮನಸ್ಸಿನಲ್ಲಿ ಆಳವಾಗಿ ಉಳಿಯುತ್ತದೆ ಎಂದು ಅವನು ಮೆಚ್ಚಿ ಬರೆದಿದ್ದಾನೆ. ಗೆಳತಿ ಮತ್ತು ನಾನು ಇದನ್ನೇ ಸ್ವಲ್ಪ ಬದಲಿಸಿಕೊಂಡಿದ್ದೇವೆ. ಶಿವಮೊಗ್ಗಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಒಬ್ಬಳು ಕಿಟಕಿಯಾಚೆ ಕಂಡದ್ದರ ಹೆಸರು ಹೇಳಬೇಕು, ಇನ್ನೊಬ್ಬಳು ಅದು ಯಾವ ಕಡೆಗಿದೆ ಎಂದು ಇಟಾಲಿಯನ್‌ನಲ್ಲಿ ಹೇಳಬೇಕು. ಬಸ್ಸು ಹೋಗುವುದು ವಾಯವ್ಯಕ್ಕೆ. ಬೆಳಗಿನ ಬಿಸಿಲು ಹಿಂದಿನಿಂದ, ಬಲಗಡೆಯ ಕಿಟಕಿಯಿಂದ ಬರುತ್ತದೆ. ಅಷ್ಟು ಗೊತ್ತಿದ್ದರೆ ಉಳಿದದ್ದು ತಾನಾಗಿ ಬರುತ್ತದೆ. ಮೊಬೈಲ್ ನಕ್ಷೆ ಇದಕ್ಕೆ ಸಹಾಯ ಮಾಡುವುದಿಲ್ಲ. ಅದು ‘ಎಡಕ್ಕೆ ತಿರುಗಿ’ ಎನ್ನುತ್ತದೆಯೇ ಹೊರತು ಪೂರ್ವ ಪಶ್ಚಿಮ ಹೇಳುವುದು ಅಪರೂಪ, ನಾವು ತಿರುಗಿದಂತೆಲ್ಲ ತಾನೂ ತಿರುಗುತ್ತದೆ.

ಅವಳ ಉತ್ತರ ಈಗ ಆರು ವಾಕ್ಯ ಬೆಳೆದಿದೆ. ಭದ್ರಾವತಿ ಶಿವಮೊಗ್ಗದ ಆಗ್ನೇಯಕ್ಕೆ, ಸುಮಾರು 20 ಕಿ.ಮೀ. ದೂರದಲ್ಲಿದೆ. ಊರಿನ ನಡುವೆ ಭದ್ರಾ ನದಿ ಹರಿಯುತ್ತದೆ. ಶಿವಮೊಗ್ಗದಲ್ಲಿ ಹರಿಯುವುದು ತುಂಗಾ. ಎರಡೂ ನದಿಗಳು ಕೂಡಲಿಯಲ್ಲಿ ಸೇರುತ್ತವೆ. ಕೂಡಲಿ ಶಿವಮೊಗ್ಗದ ಈಶಾನ್ಯಕ್ಕೆ, ಭದ್ರಾವತಿಯ ಉತ್ತರಕ್ಕೆ ಇದೆ. ಅಲ್ಲಿಂದ ಅದು ಒಂದೇ ನದಿ, ತುಂಗಭದ್ರಾ. ಮೂರು ಊರು ಸೇರಿ ಒಂದು ತ್ರಿಕೋನ. ಪರೀಕ್ಷಕರ ಮುಂದೆ ಮೇಜಿನ ಮೇಲೆ ಬೆರಳಿನಲ್ಲೇ ಬರೆದು ತೋರಿಸಬಹುದು ಎಂದು ಅವಳ ಯೋಜನೆ.

ಅಭ್ಯಾಸ ಆಸ್ಪತ್ರೆಯಲ್ಲೂ ನಡೆದಿದೆಯಂತೆ. ರಾತ್ರಿ ಪಾಳಿಯಲ್ಲಿ ರೋಗಿಯ ಕಡೆಯವರು ಬಂದು ‘ಸಿಸ್ಟರ್, ಲ್ಯಾಬ್ ಎಲ್ಲಿ?’ ಎಂದು ಕೇಳುತ್ತಾರೆ. ಬಾಯಿ ‘ಕಾರಿಡಾರ್ ಕೊನೇಲಿ ಎಡಕ್ಕೆ ಹೋಗಿ’ ಎನ್ನುತ್ತದೆ. ಮನಸ್ಸು ಅದರ ಹಿಂದೆಯೇ ‘ಇನ್ ಫೋಂದೊ ಅಲ್ ಕೊರ್ರಿದೋಯೊ, ಆ ಸಿನಿಸ್ತ್ರಾ’ ಎನ್ನುತ್ತದೆ. ಇಟಲಿಯ ಯಾವುದೋ ಆಸ್ಪತ್ರೆಯಲ್ಲಿ ಮೊದಲ ದಿನ ಮೊದಲು ಬೇಕಾಗುವ ವಾಕ್ಯವೂ ಬಹುಶಃ ಇದೇ. ಪರೀಕ್ಷೆ ಜೂನ್‌ನಲ್ಲಿ. ಆ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ಮೋಡ ಬಿಟ್ಟರೆ ನೋಡಬಹುದು.